ಆಶ್ರಯಧಾಮದ ನಾಯಿಯೂ ಗೃಹಸ್ಥನ ಹಿತವೂ

ದತ್ತು ಸ್ವೀಕಾರವನ್ನು ಪ್ರಾಣಿದಯೆಯೆಂದು ಮಾತ್ರ ಎಣಿಸುತ್ತಿದ್ದೇವೆ. ಅದರಿಂದ ಮನೆಗೂ ಊರಿಗೂ ಲಭಿಸುವ ಪ್ರಯೋಜನವನ್ನು ಗುರುತಿಸಬೇಕಾದ ಕಾಲ ಬಂದಿದೆ

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಿಗೆ ಸೇರಿಸಬೇಕೆಂದು ಆಜ್ಞಾಪಿಸಿತು. ಹನ್ನೊಂದು ದಿನಗಳ ತರುವಾಯ ತ್ರಿಸದಸ್ಯ ಪೀಠವು ಅದನ್ನು ಮಾರ್ಪಡಿಸಿ, ರೇಬೀಸ್ ತಗುಲಿದವನ್ನೂ ಆಕ್ರಮಣಶೀಲವಾದವನ್ನೂ ಹೊರತುಪಡಿಸಿ ಉಳಿದವುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡದೆ ಆಶ್ರಯಧಾಮಕ್ಕೆ ಒಯ್ಯಬೇಕೆಂಬ ಆದೇಶ ಇಡೀ ದೇಶಕ್ಕೆ ಅನ್ವಯವಾಗುವಂತೆ ಹೊರಟಿತು. ಈ ಆದೇಶಗಳ ಸುತ್ತ ಎದ್ದ ಕೋಲಾಹಲದಲ್ಲಿ ಒಂದು ಅಂಶಕ್ಕೆ ಸಲ್ಲಬೇಕಾದಷ್ಟು ಗಮನ ಸಲ್ಲಲಿಲ್ಲ: ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ನಾಯಿಯನ್ನು ದತ್ತು ಪಡೆಯಬಹುದೆಂದೂ, ಪಡೆದ ಮೇಲೆ ಅದು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವ ಹೊಣೆ ಅವರದೆಂದೂ ಆಗಸ್ಟ್ 22ರ ಆದೇಶದಲ್ಲಿ ಸ್ಪಷ್ಟವಾಗಿ ಹೇಳಲಾಗಿತ್ತು.

ಆಶ್ರಯಧಾಮವೆಂಬುದು ಸ್ವಭಾವತಃ ತಾತ್ಕಾಲಿಕವಾದ ನೆಲೆ. ನಾಯಿಯ ಆಯುಸ್ಸು ಹತ್ತು ಹದಿನೈದು ವರ್ಷ. ವಾಹನಕ್ಕೆ ಸಿಕ್ಕಿ ಗಾಯಗೊಂಡದ್ದು, ತಾಯಿಯನ್ನು ಕಳೆದುಕೊಂಡದ್ದು, ಸಾಕಿದವರೇ ಬಿಟ್ಟುಹೋದದ್ದು ಎಂದು ಹೊಸ ಪ್ರಾಣಿಗಳು ಒಳಗೆ ಬರುತ್ತಲೇ ಇದ್ದು, ಹೊರಗೆ ಹೋಗುವ ದಾರಿ ಮಾತ್ರ ಇಲ್ಲವಾದರೆ, ಪರಮ ಕರುಣಾಳುಗಳು ನಡೆಸುವ ಸಂಸ್ಥೆಯೂ ಕೆಲಕಾಲದಲ್ಲಿ ಇಕ್ಕಟ್ಟಿಗೆ ಸಿಲುಕುವುದು ಅನಿವಾರ್ಯ. ಆ ಇಕ್ಕಟ್ಟಿನಲ್ಲಿ ಡಿಸ್ಟೆಂಪರ್, ಪಾರ್ವೊ ಮುಂತಾದ ಸೋಂಕುಗಳು ಒಂದರಿಂದ ಮತ್ತೊಂದಕ್ಕೆ ಬಹುಬೇಗ ಹರಡುತ್ತವೆ. ಕೋಡಿಯಿಲ್ಲದ ಕೆರೆ, ಏರಿ ಎಷ್ಟೇ ಗಟ್ಟಿಯಾಗಿದ್ದರೂ, ಒಂದಲ್ಲ ಒಂದು ಮಳೆಗಾಲದಲ್ಲಿ ಒಡೆದೇ ತೀರುವಂತೆ, ದತ್ತು ನೀಡುವ ವ್ಯವಸ್ಥೆಯಿಲ್ಲದ ಆಶ್ರಯಧಾಮವೂ ತನ್ನ ಉದ್ದೇಶವನ್ನು ತಾನೇ ಕೆಡಿಸಿಕೊಳ್ಳುತ್ತದೆ. ದತ್ತು ಹೋದ ನಾಯಿ ತಾನು ಬದುಕುವುದಲ್ಲದೆ, ತೆರವಾದ ತನ್ನ ಗೂಡಿನಲ್ಲಿ ಚಿಕಿತ್ಸೆಗಾಗಿ ಕಾದಿರುವ ಇನ್ನೊಂದಕ್ಕೆ ಎಡೆಮಾಡಿಕೊಡುತ್ತದೆ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 1991ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕ್ಯೂಪಾದಂಥ ಸಂಸ್ಥೆಗಳು ಚಿಕಿತ್ಸೆಗೆ ಕೊಡುವಷ್ಟೇ ಮಹತ್ತ್ವವನ್ನು ದತ್ತು ನೀಡಿಕೆಗೂ ಕೊಡುವುದಕ್ಕೆ ಕಾರಣವಿದೇ.

ಇದು ಸಂಸ್ಥೆಗಳ ಹಿತ. ಗೃಹಸ್ಥನ ಹಿತವೇನು? ಅಂಗಡಿಯಲ್ಲಿ ಕೊಂಡ ಮರಿ ಮುಂದೆ ಯಾವ ಸ್ವಭಾವವನ್ನು ತಾಳುವುದೋ ಮಾರುವವನೂ ಅರಿಯ, ಕೊಳ್ಳುವವನೂ ಅರಿಯ. ಆಶ್ರಯಧಾಮದಲ್ಲಿ ಬೆಳೆದ ನಾಯಿಯಾದರೋ, ಮಕ್ಕಳ ಒಡನೆ ಅದು ಹೇಗಿರುತ್ತದೆ, ಒಂಟಿಯಾಗಿ ಬಿಟ್ಟರೆ ಬೊಗಳುತ್ತದೆಯೆ, ಬೆಕ್ಕನ್ನು ಕಂಡರೆ ಅಟ್ಟುತ್ತದೆಯೆ ಎಂಬುದೆಲ್ಲವೂ ದಿನವೂ ಅದಕ್ಕೆ ಅನ್ನ ಹಾಕುವ ಸಿಬ್ಬಂದಿಗೆ ತಿಳಿದಿರುತ್ತದೆ. ಬಂದು ಕೇಳುವವರಿಗೆ ಅವರು ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಉತ್ತಮ ಸಂಸ್ಥೆಗಳು ನಾಯಿಗೆ ರೇಬೀಸಿನ ಚುಚ್ಚುಮದ್ದು, ಜಂತುಹುಳುವಿನ ಔಷಧ ಕೊಡಿಸಿ, ವಯಸ್ಸಿಗೆ ಬಂದಿದ್ದರೆ ಶಸ್ತ್ರಚಿಕಿತ್ಸೆಯನ್ನೂ ಮುಗಿಸಿ ಒಪ್ಪಿಸುವುದರಿಂದ, ಹೊಸಬನ ಮೇಲೆ ಬೀಳುವ ಮೊದಲ ವರ್ಷದ ವೆಚ್ಚವೂ ಓಡಾಟವೂ ಬಹುಪಾಲು ತಪ್ಪುತ್ತವೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗದ ಭಯವಿಲ್ಲ. ಸ್ತನದ ಗೆಡ್ಡೆಯ ಸಂಭವವೂ ಕಡಿಮೆ.

ನಮ್ಮ ಆಶ್ರಯಧಾಮಗಳಲ್ಲಿರುವ ಬಹುತೇಕ ನಾಯಿಗಳು ದೇಸಿ ನಾಯಿಗಳೆಂಬುದು ಇನ್ನೊಂದು ಅನುಕೂಲ. ಹಿಮಪ್ರದೇಶಕ್ಕೆಂದು ಪ್ರಕೃತಿ ದಟ್ಟ ತುಪ್ಪುಳ ಹೊದಿಸಿದ ಹಸ್ಕಿಯನ್ನು ತಂದು ಬಯಲುಸೀಮೆಯ ಬೇಸಗೆಯಲ್ಲಿ ತಾರಸಿಯ ಮೇಲೆ ಕಟ್ಟುವುದೂ, ಮನುಷ್ಯನ ವಿನೋದಕ್ಕಾಗಿ ಮೂಗು ಚಪ್ಪಟೆಯಾಗುವಂತೆ ತಲೆಮಾರುಗಳಿಂದ ಬೆಳೆಸಿದ ಪಗ್‌ನ ಏದುಸಿರನ್ನು ಮುದ್ದೆಂದು ಭಾವಿಸುವುದೂ ಪ್ರೀತಿಯ ಹೆಸರಿನಲ್ಲಿ ನಡೆಯುವ ಹಿಂಸೆಯೇ. ಮೊಟಕು ಕೂದಲಿನ, ಹಗುರ ಮೈಯ, ಈ ನೆಲದ ಬಿಸಿಲುಮಳೆಗಳಲ್ಲಿ ಶತಮಾನಗಳ ಕಾಲ ಹದಗೊಂಡು ಬಂದ ದೇಸಿ ನಾಯಿಗೆ ಇಂಥ ಜನ್ಮಜಾತ ಸಂಕಟಗಳು ವಿರಳ. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಚಿತ್ರವನ್ನು ನೋಡಿ ಕಣ್ಣೀರಿಟ್ಟ ಕನ್ನಡಿಗರು, ಅದರ ಕಥೆಯೊಳಗಿನ ವ್ಯಾಧಿಗೆ ಮೂಲವಾದದ್ದು ಹಣದಾಸೆಯಿಂದ ಒಂದೇ ರಕ್ತದೊಳಗೆ ನಡೆಸುವ ಮರಿಸಾಕಣೆಯೆಂಬುದನ್ನು ನೆನೆಯಬೇಕು. ಇಂಥ ಸಾಕಣೆಯನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ 2017ರಲ್ಲಿಯೇ ನಿಯಮಗಳನ್ನು ರೂಪಿಸಿತು. ಆದರೆ ಕೊಳ್ಳುವವರು ಇರುವವರೆಗೆ ಮಾರುವವರೂ ಇದ್ದೇ ಇರುವರು. ದತ್ತು ಪಡೆಯುವ ಪ್ರತಿಯೊಂದು ಕುಟುಂಬವೂ ಆ ವ್ಯಾಪಾರಕ್ಕೆ ಒಬ್ಬ ಗಿರಾಕಿಯನ್ನು ಕಡಿಮೆ ಮಾಡುತ್ತದೆ.

ದೇಹಮನಸ್ಸುಗಳಿಗೆ ಸಲ್ಲುವ ಲಾಭವೂ ಉಪೇಕ್ಷಣೀಯವಲ್ಲ. ನಾಯಿ ಸಾಕುವುದಕ್ಕೂ ಹೃದ್ರೋಗದ ಸಂಭವ ಕಡಿಮೆಯಾಗುವುದಕ್ಕೂ ಸಂಬಂಧವಿದ್ದೀತೆಂದು ಅಮೆರಿಕದ ಹೃದ್ರೋಗ ಸಂಘ 2013ರಲ್ಲಿ ಎಚ್ಚರದ ಮಾತುಗಳಲ್ಲಿ ಹೇಳಿತು. ನಾಯಿಯೂ ಅದನ್ನು ಸಾಕಿದವನೂ ಪರಸ್ಪರ ದೃಷ್ಟಿಸಿದಾಗ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ ಸ್ನೇಹದ್ರವ್ಯ ಹೆಚ್ಚುವುದನ್ನು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಪ್ರಯೋಗಾಲಯದ ಸಾಕ್ಷ್ಯ ಬೇಡವೆನ್ನುವವರು, ಮಕ್ಕಳು ದೂರದೇಶ ಸೇರಿದ ಮೇಲೆ ಬಿಕೋ ಎನ್ನುವ ಮನೆಯಲ್ಲಿ ಉಳಿದ ವೃದ್ಧ ದಂಪತಿಗಳನ್ನು, ಬೆಳಗ್ಗೆ ಸಂಜೆ ತಪ್ಪದೆ ಬೀದಿಗೆ ಕರೆದೊಯ್ದು ನಾಲ್ಕು ಜನರೊಡನೆ ಮಾತಾಡಿಸುವ ಶಕ್ತಿ ಯಾವ ಔಷಧಕ್ಕಿದೆಯೆಂದು ಆಲೋಚಿಸಬಹುದು. ಅವರಿಗೆ ಒಪ್ಪುವುದು ಕಂಡದ್ದನ್ನೆಲ್ಲ ಕಚ್ಚಿ ಹರಿಯುವ ಮರಿಯಲ್ಲ, ಆಶ್ರಯಧಾಮದಲ್ಲಿ ಯಾರೂ ಕೇಳದೆ ಉಳಿದಿರುವ ಐದಾರು ವರ್ಷದ ಶಾಂತ ಪ್ರಾಣಿ.

ಊರಿನ ಹಿತಕ್ಕೆ ಬಂದರೆ, ಮನುಷ್ಯನಿಗೆ ತಗುಲುವ ರೇಬೀಸಿನಲ್ಲಿ ನೂರಕ್ಕೆ 99 ಪ್ರಕರಣಗಳಿಗೆ ನಾಯಿಯೇ ಮೂಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಚ್ಚಿಸಿಕೊಂಡ ಮಗುವಿನ ತಂದೆತಾಯಿಗಳ ಭಯವೂ ಕೋಪವೂ ನ್ಯಾಯವಾದವು. ಅವನ್ನು ಅಲ್ಲಗಳೆಯುವ ಪ್ರಾಣಿದಯೆ ದಯೆಯೇ ಅಲ್ಲ. ವರ್ಷವರ್ಷವೂ ಲಸಿಕೆ ಪಡೆದು ಮನೆಯೊಳಗಿರುವ ನಾಯಿ ಬೀದಿಯ ಅಪಾಯವನ್ನು ಒಂದರಷ್ಟಾದರೂ ಇಳಿಸುತ್ತದೆ. ಬೆಂಗಳೂರಿನಲ್ಲಿ 2023ರ ಗಣತಿ ಅಂದಾಜಿಸಿದ ಬೀದಿನಾಯಿಗಳು ಸುಮಾರು 2.79 ಲಕ್ಷ, ಅಷ್ಟನ್ನೂ ದತ್ತು ಪಡೆದೇವೆಂಬುದು ಭ್ರಮೆ. ಸಂತಾನ ನಿಯಂತ್ರಣ, ಲಸಿಕೆ, ಕಸದ ವಿಲೇವಾರಿಗಳೇ ಮೂಲೋಪಾಯಗಳು. ದತ್ತು ಅವುಗಳಿಗೆ ಪೂರಕ. ಆದರೆ ಮೂಲೋಪಾಯಗಳು ಫಲಿಸುವವರೆಗೆ ಆಶ್ರಯಧಾಮಗಳು ಉಸಿರಾಡಬೇಕಾದರೆ ಈ ಪೂರಕವಿಲ್ಲದೆ ಸಾಗದು.

ನಾಯಿಯನ್ನು ಬೇಡಿ ಪಡೆದು ಬಾಳಿಸುವುದು ಈ ನಾಡಿಗೆ ಅನ್ಯವೂ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 950ರ ಶಾಸನ ತಿಳಿಸುವಂತೆ, ಚೋಳಯುದ್ಧದಲ್ಲಿನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದ ಗಂಗರ ಬೂತುಗನಿಂದ ಮಣಲೆರನೆಂಬ ವೀರನು ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಮಡಿದಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು.

ಆದರೂ ಒಂದು ಎಚ್ಚರಿಕೆ ಅವಶ್ಯ. ಹೊಸ ಮನೆಗೆ ಬಂದ ನಾಯಿ ಮೊದಲ ದಿನಗಳಲ್ಲಿ ಮಂಚದಡಿ ಅವಿತು ಅನ್ನ ಬಿಡಬಹುದು. ನಂಬಿಕೆ ಹುಟ್ಟಲು ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಬೇಕಾದಾವು. ಇಷ್ಟು ಸಹನೆ, ದಿನದಲ್ಲಿ ಎರಡು ಹೊತ್ತಿನ ಸಮಯ, ಔಷಧೋಪಚಾರದ ಹಣ, ಮನೆಮಂದಿಯೆಲ್ಲರ ಒಪ್ಪಿಗೆ, ಇವುಗಳಲ್ಲಿ ಯಾವುದೊಂದಿಲ್ಲದಿದ್ದರೂ ದತ್ತು ಪಡೆಯದಿರುವುದೇ ಧರ್ಮ. ಏಕೆಂದರೆ ಒಮ್ಮೆ ನೆಚ್ಚಿ ಮತ್ತೆ ಪರಿತ್ಯಕ್ತವಾಗುವುದು ಆ ಪ್ರಾಣಿಗೆ ಮೊದಲಿನದಕ್ಕಿಂತ ಘೋರವಾದ ದುರ್ಗತಿ. ಸಾಕಿದ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ; ಮೊದಲ ಸಲದ ಅಪರಾಧಕ್ಕೆ ಅದು ವಿಧಿಸಿದ ದಂಡವಾದರೋ 10ರಿಂದ 50 ರೂಪಾಯಿ! ದಶಕಗಳ ಹಿಂದಿನ ಈ ಮೊತ್ತವನ್ನು ಪರಿಷ್ಕರಿಸುವುದು ಸಂಸತ್ತಿನ ಕರ್ತವ್ಯ.

ನಗರಪಾಲಿಕೆಗಳ ಕರ್ತವ್ಯ ಇನ್ನೂ ಸಮೀಪದ್ದು. ಪ್ರತಿಯೊಂದು ಆಶ್ರಯಧಾಮದಲ್ಲಿಯೂ ದತ್ತು ವಿಭಾಗವಿರಬೇಕು. ಅಲ್ಲಿನ ನಾಯಿಗಳ ಚಿತ್ರವೂ ಸ್ವಭಾವವಿವರವೂ ಜನರಿಗೆ ಸುಲಭವಾಗಿ ಸಿಗಬೇಕು. ದತ್ತು ಪಡೆದವರಿಗೆ ಪಶುವೈದ್ಯಶಾಲೆಯಲ್ಲಿ ಉಚಿತ ಲಸಿಕೆಯೂ, ಆರು ತಿಂಗಳ ಮಟ್ಟಿಗಾದರೂ ಸಲಹೆಯೂ ದೊರಕಬೇಕು. ವಸತಿ ಸಮುಚ್ಚಯಗಳ ಸಂಘಗಳು ಸಾಕುನಾಯಿಯನ್ನು ನಿಷೇಧಿಸಲಾಗದೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ತಿಳಿಸಿದೆ. ಅದನ್ನು ಸಂಘಗಳು ಗೌರವಿಸಬೇಕು, ಸಾಕುವವರೂ ನೆರೆಯವರ ನೆಮ್ಮದಿಯನ್ನು ಗೌರವಿಸಬೇಕು. ಈ ವ್ಯವಸ್ಥೆ ರೂಪುಗೊಳ್ಳಲೆಂದು ನಾವು ಕಾಯಬೇಕಾದ ಅಗತ್ಯವಿಲ್ಲ. ಮನೆಗೊಂದು ನಾಯಿ ಬೇಕೆಂದು ನಿಶ್ಚಯಿಸಿದವರು, ಅಂಗಡಿಯ ಮೆಟ್ಟಿಲನ್ನೇರುವ ಮುನ್ನ, ತಮ್ಮ ಊರಿನ ಆಶ್ರಯಧಾಮಕ್ಕೆ ಕುಟುಂಬಸಮೇತ ಹೋಗಿ ಅಲ್ಲಿಯ ನಾಯಿಗಳೊಡನೆ ಒಂದು ಮಧ್ಯಾಹ್ನವನ್ನು ಕಳೆಯಲಿ. ತಮಗೆ ಒಪ್ಪುವ ಜೊತೆಗಾರನು ಅಲ್ಲಿಯೇ ಇರುವನೆಂಬ ನಂಬಿಕೆ ಬಹುಮಂದಿಗೆ ನಿಜವಾಗುವುದರಲ್ಲಿ ಸಂದೇಹವಿಲ್ಲ.