ಹೊಳೆ ದಾಟದ ಗಾಡಿ

ಯಾದಗಿರಿ ರೈಲು ನಿಲ್ದಾಣದಲ್ಲಿ ಒಂದು ತಾಸು ಕುಳಿತವರಿಗೆ ಎರಡು ಬಗೆಯ ಪ್ರಯಾಣಿಕರು ಕಾಣಸಿಗುತ್ತಾರೆ. ಮೊದಲನೆಯವರು ದೊಡ್ಡವರು. ಅವರ ಒಂದು ಕೈ ಗಂಟುಮೂಟೆಗಳ ಮೇಲೆ, ಇನ್ನೊಂದು ಕೈ ಜೇಬಿನ ಟಿಕೆಟಿನ ಮೇಲೆ. ಅವರಿಗೆ ರೈಲು ಎಂದರೆ ಊರು ಮುಟ್ಟಿಸುವ ಸಾಧನ, ಅಷ್ಟೇ. ಎರಡನೆಯವರು ಮಕ್ಕಳು. ಸರಕು ಸಾಗಣೆಯ ಗಾಡಿ ನಿಲ್ಲದೆ ಹಾದುಹೋದರೆ ದೊಡ್ಡವರು ಮುಖ ತಿರುಗಿಸುತ್ತಾರೆ. ಮಕ್ಕಳು ಮಾತ್ರ ಎಂಜಿನ್ನಿನಿಂದ ಹಿಡಿದು ಕೊನೆಯ ಗಾರ್ಡಿನ ಡಬ್ಬಿಯವರೆಗೆ ಬಿಡದೆ ಎಣಿಸುತ್ತಾರೆ. ಎಣಿಕೆ ತಪ್ಪಿದರೆ ಮುಂದಿನ ಗಾಡಿಗಾಗಿ ಕಾಯುತ್ತಾರೆ.

ಈ ಮಕ್ಕಳಲ್ಲಿ ಅನೇಕರು ಶಹಾಪುರ, ಸುರಪುರದ ಕಡೆಯವರು. ಅವರ ಊರಿನಲ್ಲಿ ರೈಲಿಲ್ಲ. ಬಸ್ಸು ಹತ್ತಿ, ಭೀಮಾ ನದಿಯ ಸೇತುವೆ ದಾಟಿ ಯಾದಗಿರಿಗೆ ಬಂದರಷ್ಟೇ ಅವರಿಗೆ ರೈಲಿನ ದರ್ಶನ. ಗುಳೆ ಹೋಗುವ ತಂದೆತಾಯಿಯನ್ನು ಮುಂಬೈ, ಪುಣೆ, ಬೆಂಗಳೂರಿನ ಗಾಡಿ ಹತ್ತಿಸಲು ಅಜ್ಜನ ಜೊತೆ ಬಂದ ಮಕ್ಕಳೂ ಇವರಲ್ಲಿರುತ್ತಾರೆ. ಅಂಥ ಮಗುವಿನ ಮನಸ್ಸಿನಲ್ಲಿ ರೈಲಿನ ಬಗ್ಗೆ ಇರುವುದು ಬರೀ ಸಂತೋಷವಲ್ಲ. ಅಕ್ಕರೆ, ಅಳು ಎರಡೂ ಬೆರೆತಿರುತ್ತವೆ.

ಮರಳಿ ಬಸ್ಸು ಹತ್ತುವಾಗ ಇಂಥ ಒಂದು ಮಾತುಕತೆ ಕಿವಿಗೆ ಬಿದ್ದರೆ ಆಶ್ಚರ್ಯವೇನಿಲ್ಲ.

‘ಮುತ್ಯಾ, ನಮ್ಮೂರಿಗಿ ಗಾಡಿ ಯಾಕ ಬರಂಗಿಲ್ಲ?’

‘ನಡುವ ಹೊಳಿ ಅದಲ್ಲಪಾ, ಹ್ಯಾಂಗ ಬರ್ತದ?’

ಮಗುವನ್ನು ಸುಮ್ಮನಾಗಿಸಲು ಹೇಳಿದ ಉತ್ತರದಂತೆ ಇದು ಕೇಳಿಸುತ್ತದೆ. ಆದರೆ ನಕಾಶೆ ಬಿಡಿಸಿ ನೋಡಿದರೆ ಮುತ್ಯಾನ ಮಾತಿನಲ್ಲಿ ಒಂದೂವರೆ ಶತಮಾನದ ಇತಿಹಾಸವೇ ಅಡಗಿದೆ.

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ಓಡಿತು. ಅದನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿ ಮುಂದೆ ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿಗಳ ಮೂಲಕ ಹಳಿ ಹಾಸುತ್ತ ದಕ್ಷಿಣಕ್ಕೆ ಬಂತು. ಅತ್ತ ಮದ್ರಾಸಿನಿಂದ ಮದ್ರಾಸ್ ರೈಲ್ವೆ ಕಂಪನಿಯ ಹಳಿ ಬಂತು. 1871ರಲ್ಲಿ ರಾಯಚೂರಿನಲ್ಲಿ ಇವೆರಡೂ ಕೂಡಿದವು. ಬೊಂಬಾಯಿ ಮತ್ತು ಮದ್ರಾಸು ರೈಲಿನಿಂದ ಬೆಸೆದುಕೊಂಡದ್ದು ಹೀಗೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ತೆರೆಯಿತು. ವಾಡಿ ಅಂದಿನಿಂದ ಜಂಕ್ಷನ್.

ಈ ಮಾರ್ಗವನ್ನು ನಕಾಶೆಯಲ್ಲಿ ಬೆರಳಿಟ್ಟು ಹಿಂಬಾಲಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಸೊಲ್ಲಾಪುರದಿಂದ ಮುಂದೆ ಹಳಿ ಭೀಮೆಯ ಎಡದಂಡೆಯ ಕಡೆಗೇ ಸಾಗುತ್ತದೆ. ಭೀಮೆ ಕೃಷ್ಣೆಯನ್ನು ಸೇರಿದ ಮೇಲೆ, ಕೃಷ್ಣಾ ಎಂಬ ನಿಲ್ದಾಣದ ಬಳಿ, ಕೂಡಿದ ನೀರನ್ನು ದಾಟಿ ರಾಯಚೂರಿಗೆ ಹೋಗುತ್ತದೆ. ಹೀಗೆ ಸಾಗಿದ್ದರಿಂದ ಎರಡು ದೊಡ್ಡ ನದಿಗಳಿಗೆ ಎರಡು ಸೇತುವೆ ಕಟ್ಟುವ ಬದಲು ಇಲ್ಲಿ ಒಂದೇ ಸೇತುವೆ ಸಾಕಾಯಿತು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಭೀಮೆ ಮತ್ತು ಕೃಷ್ಣೆಯರ ನಡುವಿನ ನಾಡು, ಅಂದರೆ ಶಹಾಪುರ ಮತ್ತು ಸುರಪುರ, ಆ ಲೆಕ್ಕದ ಹೊರಗೆ ಉಳಿಯಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯದಿಂದ ದೇಶದ ಗಮನ ಸೆಳೆದ ಸುರಪುರಕ್ಕೆ, ಹದಿಮೂರು ವರ್ಷಗಳ ನಂತರ ಪಕ್ಕದಲ್ಲೇ ಹಾದುಹೋದ ರೈಲು ಸಿಗಲಿಲ್ಲ.

ಈಗ ಆ ಲೆಕ್ಕವನ್ನು ತಿದ್ದುವ ಕಾಲ ಬಂದಿದೆ. 2013-14ರಲ್ಲಿ ಮಂಜೂರಾದ ಗದಗ-ವಾಡಿ ಹೊಸ ಮಾರ್ಗದ ಉದ್ದ ಸುಮಾರು 257 ಕಿಲೋಮೀಟರು. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರಗಳನ್ನು ಪೋಣಿಸಿಕೊಂಡು ಅದು ವಾಡಿ ಸೇರಬೇಕು. ಲಿಂಗಸುಗೂರಿನಿಂದ ಸುರಪುರಕ್ಕೆ ಬರಲು ಕೃಷ್ಣೆಯನ್ನು ದಾಟಬೇಕು. ಶಹಾಪುರದಿಂದ ವಾಡಿಗೆ ಹೋಗಲು ಭೀಮೆಯನ್ನು ದಾಟಬೇಕು. ಅಂದು ಉಳಿದುಹೋದ ಕೆಲಸವನ್ನು ಇಂದು ಮಾಡಲೇಬೇಕಾಗಿದೆ. ಗದಗಿನ ಕಡೆಯಿಂದ ಕೆಲಸ ಮುಂದುವರಿದು 2025ರ ಮೇ 15ರಂದು ಕುಷ್ಟಗಿಗೆ ರೈಲು ಬಂತು. ಎಂಜಿನ್ನಿಗೆ ಹೂಮಾಲೆ ಕಂಡ ಕುಷ್ಟಗಿಯ ಸುದ್ದಿ ಕೇಳಿ ಸುರಪುರದವರು ‘ಇನ್ನು ನಮ್ಮ ಪಾಳಿ’ ಎಂದುಕೊಂಡರೆ ತಪ್ಪೇನಿಲ್ಲ.

ಆದರೆ ಹೊಸ ಮಾರ್ಗ ಎಂದರೆ ಬರೀ ಹೂಮಾಲೆಯಲ್ಲ, ವಾದವಿವಾದವೂ ಇದೆ. ಗದಗ-ವಾಡಿ ಮಾರ್ಗ ಶಹಾಪುರ, ಸುರಪುರಗಳನ್ನು ಮುಟ್ಟುತ್ತದೆ ನಿಜ. ಆದರೆ 2009ರ ಡಿಸೆಂಬರಿನಲ್ಲಿ ಜಿಲ್ಲಾ ಕೇಂದ್ರವಾದ ಯಾದಗಿರಿಯನ್ನು ನೇರವಾಗಿ ಮುಟ್ಟುವುದಿಲ್ಲ. ಶಹಾಪುರದವರು ರೈಲಿನಲ್ಲೇ ಯಾದಗಿರಿಗೆ ಹೋಗಬೇಕೆಂದರೆ ವಾಡಿಗೆ ಹೋಗಿ ಅಲ್ಲಿಂದ ಹಿಂದಕ್ಕೆ ಬರಬೇಕು. ಆದ್ದರಿಂದ ಆಲಮಟ್ಟಿಯಿಂದ ಮುದ್ದೇಬಿಹಾಳ, ಹುಣಸಗಿ, ಸುರಪುರ, ಶಹಾಪುರಗಳ ಮೇಲೆ ಯಾದಗಿರಿಗೆ ಇನ್ನೊಂದು ಮಾರ್ಗ ಬೇಕೆಂಬ ಬೇಡಿಕೆ ಈ ಭಾಗದಲ್ಲಿ ಹಿಂದಿನಿಂದಲೂ ಇದೆ. ‘ಮೊದಲು ಒಂದು ಮುಗಿಯಲಿ’ ಎನ್ನುವವರಿದ್ದಾರೆ. ‘ಈಗಲೇ ಕೇಳದಿದ್ದರೆ ಇನ್ನು ಸಿಗದು’ ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಬೀದರ-ಕಲಬುರಗಿ ಮಾರ್ಗವನ್ನೇ ನೋಡಿ. 1990ರ ದಶಕದಲ್ಲಿ ಮಂಜೂರಾದ ಆ ಸುಮಾರು 110 ಕಿಲೋಮೀಟರಿನ ದಾರಿ ಪೂರ್ಣಗೊಂಡು ರೈಲು ಓಡಿದ್ದು 2017ರ ಅಕ್ಟೋಬರಿನಲ್ಲಿ. ಮಂಜೂರಾದಾಗ ಶಾಲೆಗೆ ಸೇರಿದ ಮಗು ರೈಲು ಬರುವ ವೇಳೆಗೆ ನೌಕರಿ ಹಿಡಿದಿರುತ್ತದೆ.

ಇಷ್ಟು ತಡವೇಕೆ? ಹಣದ ಕೊರತೆ ಒಂದು ಕಾರಣವಾದರೆ ಭೂಮಿ ಇನ್ನೊಂದು. ಇಲ್ಲಿಯೇ ರೈಲಿನ ಹುಚ್ಚಿರುವ ವಿದ್ಯಾರ್ಥಿಗೆ ಒಂದು ಒಳ್ಳೆಯ ಪಾಠ ಕಾದಿದೆ. ಅದನ್ನು ಕಲಿಯಲು ದೊಡ್ಡ ಪುಸ್ತಕ ಬೇಡ, ಒಂದು ಹಲಗೆ ಸಾಕು.

ಮಾದರಿ ರೈಲು ಕಟ್ಟುವುದು ಜಗತ್ತಿನಾದ್ಯಂತ ಇರುವ ಹವ್ಯಾಸ. ಯಾದಗಿರಿಯವರು ಅದನ್ನು ನೋಡಲು ದೂರದ ದೇಶಕ್ಕೆ ಹೋಗಬೇಕಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆಯಲ್ಲಿ ಇಳಿದರೆ, ಕೋಥರೂಡ್ ಬಡಾವಣೆಯಲ್ಲಿ ಭಾವುಸಾಹೇಬ್ ಜೋಶಿಯವರು ಕಟ್ಟಿದ ಕಿರು ರೈಲುಗಳ ಮ್ಯೂಸಿಯಂ ಇದೆ. 1998ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಪುಟ್ಟ ಊರಿನ ನಡುವೆ ಪುಟ್ಟ ರೈಲುಗಳು ಓಡುತ್ತವೆ. ನಿಜವಾದ ಹಳೆಯ ಎಂಜಿನ್ನುಗಳನ್ನು ನೋಡಬೇಕೆನ್ನುವವರಿಗೆ ಮೈಸೂರು ಮತ್ತು ಹುಬ್ಬಳ್ಳಿಯ ರೈಲು ಮ್ಯೂಸಿಯಂಗಳಿವೆ.

ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:87. ಅಂದರೆ ನಿಜವಾದ ವಸ್ತುವಿನ 87 ಸೆಂಟಿಮೀಟರು ಮಾದರಿಯಲ್ಲಿ 1 ಸೆಂಟಿಮೀಟರು. ಈಗಿನ ಎಲ್‌ಎಚ್‌ಬಿ ಡಬ್ಬಿಯ ಉದ್ದ ಸುಮಾರು 23.5 ಮೀಟರು; ಈ ಅಳತೆಯಲ್ಲಿ ಅದು 27 ಸೆಂಟಿಮೀಟರು. ನಮ್ಮ ಬ್ರಾಡ್‌ಗೇಜ್ ಹಳಿಯ ಅಗಲ 1,676 ಮಿಲಿಮೀಟರು. ಮಾದರಿಯಲ್ಲಿ ಸುಮಾರು 19 ಮಿಲಿಮೀಟರು. ಅಂಗಡಿಯಲ್ಲಿ ಸಿಗುವ ಮಾದರಿ ಹಳಿ ಮಾತ್ರ 16.5 ಮಿಲಿಮೀಟರು, ಏಕೆಂದರೆ ಅದು ಯುರೋಪಿನ 1,435 ಮಿಲಿಮೀಟರ್ ಹಳಿಯ ಮಾದರಿ. ಗದಗ-ವಾಡಿ ಮಾರ್ಗವನ್ನು ಪೂರ್ತಿಯಾಗಿ ಈ ಅಳತೆಯಲ್ಲಿ ಕಟ್ಟಹೊರಟರೆ ಸುಮಾರು 3 ಕಿಲೋಮೀಟರು ಉದ್ದದ ಮೇಜು ಬೇಕು! ಆದ್ದರಿಂದ ಜಾಣ ಹವ್ಯಾಸಿ ಒಂದು ನಿಲ್ದಾಣವನ್ನೋ ಒಂದು ಸೇತುವೆಯನ್ನೋ ಮಾತ್ರ ಆರಿಸಿಕೊಳ್ಳುತ್ತಾನೆ.

ಶಹಾಪುರದ ಬಳಿ ಭೀಮೆಯನ್ನು ದಾಟುವ ಸೇತುವೆಯನ್ನೇ ಆರಿಸಿಕೊಂಡರಾಯಿತು. ದುಬಾರಿ ಸಾಮಾನು ಬೇಕಿಲ್ಲ. ಈ ಭಾಗದ ಮಕ್ಕಳು ಜೋಳದ ದಂಟಿನ ಬೆಂಡಿನಿಂದ ಎತ್ತಿನ ಬಂಡಿ ಮಾಡಿ ಆಡಿದವರು. ಅದೇ ಬೆಂಡಿನಿಂದ ಡಬ್ಬಿಗಳನ್ನೂ ಮಾಡಬಹುದು. ಸೈಕಲ್ಲಿನ ಹಳೆಯ ಕಡ್ಡಿಗಳು ಕಂಬಿಯಾಗುತ್ತವೆ, ಬೆಂಕಿಕಡ್ಡಿಗಳು ಸ್ಲೀಪರು, ಜರಡಿ ಹಿಡಿದ ಮರಳು ಖಡಿ. ಹಿಂಬದಿಯ ರಟ್ಟಿನ ಮೇಲೆ ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ಬರೆದರೆ ಊರು ಯಾವುದೆಂದು ಯಾರೂ ಕೇಳುವುದಿಲ್ಲ.

ಕಟ್ಟತೊಡಗಿದ ಕೂಡಲೇ ಮೊದಲ ಸಮಸ್ಯೆ ಎದುರಾಗುತ್ತದೆ. ಹೊಳೆಯ ಮೇಲೆ ಹಳಿಯನ್ನು ಎತ್ತರಿಸುವುದು ಹೇಗೆ? ಉಕ್ಕಿನ ಗಾಲಿ ಉಕ್ಕಿನ ಕಂಬಿಯ ಮೇಲೆ ಹಗುರಾಗಿ ಉರುಳುತ್ತದೆ, ಆದರೆ ಏರು ಬಂದರೆ ಹಿಡಿತ ಸಾಲದು. 100 ಮೀಟರಿಗೆ 1 ಮೀಟರು ಏರಿದರೂ ರೈಲಿಗೆ ಅದು ಕಷ್ಟದ ಏರು. ಹಲಗೆಯ ಮೇಲೆ 6 ಸೆಂಟಿಮೀಟರು ಏರಬೇಕಾದರೆ 6 ಮೀಟರು ಉದ್ದ ಬೇಕು. ಅನುಭವಿಗಳ ಉಪಾಯ ಬೇರೆ: ಹಳಿಯನ್ನು ಏರಿಸುವ ಬದಲು ಹಲಗೆಯನ್ನು ಕತ್ತರಿಸಿ ಹೊಳೆಯನ್ನೇ ಕೆಳಗಿಳಿಸುತ್ತಾರೆ.

ನಿಜವಾದ ಎಂಜಿನಿಯರನಿಗೆ ಹೊಳೆಯನ್ನು ಇಳಿಸುವ ಅನುಕೂಲವಿಲ್ಲ. ಅವನು ದೂರದಿಂದಲೇ ಮಣ್ಣಿನ ಏರಿ ಹಾಕಿ ಹಳಿಯನ್ನು ನಿಧಾನವಾಗಿ ಮೇಲೆತ್ತಬೇಕು. ಈ ಏರಿಯ ಲೆಕ್ಕವನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಮಾಡಬಲ್ಲ. ಒಂಟಿ ಬ್ರಾಡ್‌ಗೇಜ್ ಮಾರ್ಗದ ಏರಿಯ ತಲೆ 7.85 ಮೀಟರು ಅಗಲ. ಮಣ್ಣು ಕುಸಿಯದಿರಲು ಇಳಿಜಾರನ್ನು 1 ಮೀಟರು ಎತ್ತರಕ್ಕೆ 2 ಮೀಟರು ಅಡ್ಡದಂತೆ ಬಿಡುತ್ತಾರೆ. ಏರಿ 5 ಮೀಟರು ಎತ್ತರವಾದರೆ ಒಂದೊಂದು ಬದಿಗೆ 10 ಮೀಟರು. ಬುಡದ ಅಗಲ ಸುಮಾರು 28 ಮೀಟರು. ಒಂದು ಕಿಲೋಮೀಟರು ಉದ್ದಕ್ಕೆ 28,000 ಚದರ ಮೀಟರು, ಅಂದರೆ ಸುಮಾರು 7 ಎಕರೆ. ಏರಿಯ ಪಕ್ಕದ ಚರಂಡಿ, ದಾರಿ ಇದರಲ್ಲಿ ಸೇರಿಲ್ಲ.

ಇದನ್ನೇ 1:87ರಲ್ಲಿ ಮಾಡಿದರೆ ಹಲಗೆಯ ಮೇಲೆ ಹಳಿ 2 ಸೆಂಟಿಮೀಟರು ಕೂಡ ಇಲ್ಲ. ಏರಿಯ ಬುಡ ಮಾತ್ರ 32 ಸೆಂಟಿಮೀಟರು! ಪಕ್ಕದಲ್ಲಿ ಹಸಿರು ಬಣ್ಣ ಬಳಿದು ಭತ್ತದ ಗದ್ದೆ, ಬಿಳಿ ಹತ್ತಿಯ ಚೂರು ಅಂಟಿಸಿ ಹತ್ತಿಯ ಹೊಲ ಮಾಡಿದ ಹುಡುಗ, ಅದರಲ್ಲಿ ಅಷ್ಟಗಲವನ್ನು ತನ್ನ ಕೈಯಿಂದಲೇ ಅಳಿಸಬೇಕಾಗುತ್ತದೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಬಂದ ಮೇಲೆ ಈ ಸೀಮೆಯ ಎಷ್ಟೋ ಒಣ ಹೊಲಗಳು ಬೆಳೆ ತುಂಬಿ ನಿಂತವು. ಆ ಕಾಲುವೆಗಳನ್ನೂ ರೈಲು ದಾಟಬೇಕು, ಆ ಹೊಲಗಳನ್ನೂ ಸೀಳಬೇಕು. 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ ಸಿಗುತ್ತದೆ. ಆದರೆ ಎರಡೇ ಎಕರೆ ಇದ್ದವನಿಗೆ ಹೊಲ ಹೋದ ಮೇಲೆ ಉಳಿಯುವುದು ಹಣ, ಹೊಲವಲ್ಲ.

ಹಾಗಾದರೆ ರೈಲು ಬೇಡವೇ? ಬೇಡ ಎನ್ನುವವರು ಈ ಭಾಗದಲ್ಲಿ ವಿರಳ. ಕಾಯಿಲೆಯವರನ್ನು ದೊಡ್ಡ ಊರಿಗೆ ಕರೆದೊಯ್ಯಲು, ಮಕ್ಕಳನ್ನು ಕಾಲೇಜಿಗೆ ಕಳಿಸಲು, ಹತ್ತಿ, ಭತ್ತ ಮಾರಲು ರೈಲು ಬೇಕು. ಯಾದಗಿರಿ ಬಳಿಯ ಕಡೇಚೂರಿನಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಇದೆ. ನಾವು ಆಡುಮಾತಿನಲ್ಲಿ ಡಬ್ಬಿಗೇ ಬೋಗಿ ಎನ್ನುತ್ತೇವೆ. ರೈಲ್ವೆಯವರ ಬೋಗಿ ಎಂದರೆ ಡಬ್ಬಿಯ ಕೆಳಗೆ ಗಾಲಿಗಳನ್ನು ಹಿಡಿದಿರುವ ಚೌಕಟ್ಟು. ಅಂಥ ಕೆಲಸಗಳು ಮನೆಯ ಹತ್ತಿರ ಹೆಚ್ಚಿದರೆ ಗುಳೆಯ ಗಾಡಿ ಹತ್ತುವವರು ಕಡಿಮೆಯಾಗಬಹುದು. ರೈಲು ಬಂದ ಮಾತ್ರಕ್ಕೆ ಅದು ಆಗುವುದಿಲ್ಲ. ಹಳಿ ಬಂದ ಮೇಲೆ ಆ ಊರಿನಲ್ಲಿ ಏನು ಬೆಳೆಯುತ್ತದೆ ಎಂಬುದರ ಮೇಲೆ ಅದು ನಿಂತಿದೆ.

ಪಾಲಕರಿಗೆ ಒಂದು ಮಾತು. ಮಗ ಅಥವಾ ಮಗಳು ರೈಲಿನ ಹೆಸರು, ನಂಬರು, ಎಂಜಿನ್ನುಗಳ ಪಟ್ಟಿ ಬರೆಯುತ್ತ ಕುಳಿತರೆ ‘ಇದರಿಂದ ಮಾರ್ಕ್ಸ್ ಬರುತ್ತದೆಯೇ?’ ಎಂದು ಗದರುವುದು ಸಹಜ. ಆದರೆ ಪ್ರಮಾಣ, ಇಳಿಜಾರು, ಕ್ಷೇತ್ರಫಲ, ನದಿ, ಇತಿಹಾಸ, ಕಾನೂನು ಎಲ್ಲವೂ ಆ ಹುಚ್ಚಿನೊಳಗೇ ಇವೆ. ಗದರುವ ಬದಲು ಒಂದು ನಕಾಶೆ, ಒಂದು ದಾರ ಕೊಡಬೇಕು. ಶಹಾಪುರದಿಂದ ವಾಡಿಯ ಮೇಲೆ ಯಾದಗಿರಿಗೆ ಎಷ್ಟು ದೂರ, ನೇರವಾಗಿ ಎಷ್ಟು ಎಂದು ದಾರವಿಟ್ಟು ಅಳೆಯಲಿ. ಹೊಸ ಮಾರ್ಗದ ವಾದ ಆಗ ತಾನಾಗಿ ಅರ್ಥವಾಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ರೈಲು ನೋಡುವ ಜಾಗ ಪ್ಲಾಟ್‌ಫಾರ್ಮ್, ಹಳಿಯಲ್ಲ. 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಂತೆ ಅಪ್ಪಣೆಯಿಲ್ಲದೆ ಹಳಿಯ ಮೇಲೆ ಓಡಾಡುವುದು ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈಗ ಮೇಲೆ ತಂತಿಯೂ ಇದೆ. ಅದರಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುತ್ತದೆ. ನಿಂತ ಡಬ್ಬಿಯ ಮೇಲೆ ಹತ್ತಿ ಫೋಟೋ ತೆಗೆಯಲು ಹೋದವರು ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಸಾಕು, ಪ್ರಾಣ ಹೋಗುತ್ತದೆ.

ಮತ್ತೆ ಆ ಹಲಗೆಗೆ ಬರೋಣ. ಸೇತುವೆ ಮುಗಿದಿದೆ, ಬೆಂಡಿನ ಡಬ್ಬಿಗಳು ಸಾಲಾಗಿ ನಿಂತಿವೆ. ಹುಡುಗ ಮುತ್ಯಾನನ್ನು ಕರೆದು ‘ನೋಡು, ಗಾಡಿ ಹೊಳಿ ದಾಟ್ತು’ ಎನ್ನುತ್ತಾನೆ. ಮುತ್ಯಾ ಕನ್ನಡಕ ಸರಿಪಡಿಸಿಕೊಂಡು ಹತ್ತಿಯ ಹೊಲದ ನಡುವಿನ ಆ ಅಗಲವಾದ ಏರಿಯನ್ನು ಮುಟ್ಟಿ, ‘ಇದು ಯಾರ ಹೊಲಪಾ?’ ಎಂದು ಕೇಳಬಹುದು. ಅದಕ್ಕೆ ಉತ್ತರ ಹುಡುಕಲು ಹೊರಟ ಹುಡುಗ ರೈಲಿನ ಬಗ್ಗೆ ನಿಜವಾಗಿ ಕಲಿಯತೊಡಗಿದ ಎಂದೇ ಅರ್ಥ.