ಗುಡ್ಡ ಸತ್ತದ್ದಕ್ಕೆ ‘ಸೂಪರ್’ ಅನ್ನಬೇಡಿ

ಸಂಡೂರಿನ ಅದಿರು ಗಣಿಗಳ ಡ್ರೋನ್ ಫೋಟೊ ನೀವೂ ನೋಡಿರುತ್ತೀರಿ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಗುಡ್ಡ, ಗುಂಡಿಯಲ್ಲಿ ನಿಂತ ಮಳೆನೀರು, ಸುತ್ತ ಹಸಿರು ಕಾಡು. ಕೆಳಗೆ ಸಾಲು ಸಾಲು ‘ಸೂಪರ್’. ಇಂಥ ಫೋಟೊ ನಾವೂ ಹಾಕಿದ್ದೇವೆ, ಲೈಕು ಎಣಿಸಿದ್ದೇವೆ. ಇನ್ನು ಸಾಕು.

ಆ ಫೋಟೊದಲ್ಲಿ ಅದು ಯಾವ ಗಣಿ, ಯಾವ ಊರಿನ ಗಡಿ, ಯಾವ ತಿಂಗಳು ಎಂಬುದು ಇರುವುದೇ ಇಲ್ಲ. ಅಷ್ಟು ಮೇಲಿನಿಂದ ಜೋಳದ ಗರಿಯ ಮೇಲೆ ಕೂತ ಧೂಳು ಕಾಣುವುದಿಲ್ಲ. ಹಳ್ಳಕ್ಕಿಳಿದ ಕೆಸರೂ ಕಾಣುವುದಿಲ್ಲ. ಹೆಸರಿಲ್ಲದ ಜಾಗದ ಹಾಳಿಗೆ ಯಾರೂ ಹೊಣೆಯಾಗುವುದಿಲ್ಲ.

ಚೆಂದ ಇದ್ದರೇ ಪಟ್ಟಣದವರು ನೋಡೋದು ಅನ್ನುತ್ತಾರೆ. ನೋಡಲಿ. ನೋಡಿದ ಮೇಲೆ ಯಾವ ಕಚೇರಿಗೆ, ಯಾವ ಊರಿನ ಹೆಸರಲ್ಲಿ ಅರ್ಜಿ ಬರೆಯುತ್ತಾರೆ?

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಗಡಿ ಅಳೆದರು. ಉಪಗ್ರಹ ಚಿತ್ರ, ಸ್ಥಳದ ಸರ್ವೆ ಎರಡನ್ನೂ ತಾಳೆ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಅತಿ ಹೆಚ್ಚು ಅಕ್ರಮ ಕಂಡ ‘ಸಿ’ ವರ್ಗದ ಗುತ್ತಿಗೆಗಳು 2013ರ ಏಪ್ರಿಲ್‌ನಲ್ಲಿ ರದ್ದಾದವು. ಅಲ್ಲಿ ಕೆಲಸಕ್ಕೆ ಬಂದ ಚಿತ್ರ ಗಡಿ ತೋರಿಸಿದ ಚಿತ್ರ.

ಹಾಗಾದರೆ ಫೋಟೊ ಹೇಗೆ ತೆಗೆಯಬೇಕು? ಗಣಿಯೊಳಗೆ ನುಗ್ಗಬೇಡಿ. ನಿಮ್ಮ ಹೊಲ, ನಿಮ್ಮ ರಸ್ತೆ, ನಿಮ್ಮ ಹಳ್ಳ ಸಾಕು. ಮಳೆಗಾಲಕ್ಕೆ ಮುಂಚೆ ಒಂದು, ಆದ ಮೇಲೆ ಒಂದು, ಅದೇ ಜಾಗದಲ್ಲಿ ನಿಂತು ತೆಗೆಯಿರಿ. ಗುಡಿಯೋ ಸೇತುವೆಯೋ ಗಡಿಕಲ್ಲೋ ಚಿತ್ರದೊಳಗೆ ಬರಲಿ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇರಲಿ. ಫಿಲ್ಟರ್ ಬೇಡ. ಸರ್ವೆ ನಂಬರ್, ತಾರೀಖು ಬರೆದಿಡಿ.

ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊದಂತೆ ಕಳಿಸಿದರೆ ಅದರೊಳಗಿನ ಸಮಯ, ಸ್ಥಳದ ವಿವರ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಮಾಡಿ ಕಳಿಸಿ. ಮೂಲ ಫೋಟೊ ಫೋನಿನಲ್ಲೇ ಉಳಿಯಲಿ.

ಲಾರಿ ಡ್ರೈವರ್, ಕೂಲಿಯವರ ಮುಖ ಹಾಕಬೇಡಿ. ಅವರೂ ನಮ್ಮೂರಿನವರೇ, ಅದೇ ಧೂಳು ಕುಡಿಯುವವರು.

ಇಂಥ ಫೋಟೊಗೆ ಲೈಕು ಕಡಿಮೆ ಬರಬಹುದು. ಬರದಿದ್ದರೆ ಬೇಡ. ನಾಳೆ ಗ್ರಾಮಸಭೆಯಲ್ಲಿ ಯಾರಾದರೂ ‘ಧೂಳೆಲ್ಲಿದೆ ತೋರ್ಸಿ’ ಅಂದಾಗ ಎದ್ದು ನಿಂತು ತೋರಿಸಲು ನಿಮ್ಮ ಕೈಯಲ್ಲಿ ಅದಿರಬೇಕು.