ಕಡೆಯುವ ಕಲ್ಲಿನಿಂದ ಕನ್ನಡಿಗೆ

ಕದ್ರಿಯ ಹಳೆಯ ಮನೆಗಳಲ್ಲಿ ಇನ್ನೂ ಕಡೆಯುವ ಕಲ್ಲು ಉಳಿದಿದ್ದರೆ, ಅದರ ಗುಂಡನ್ನೆತ್ತಿ ಕುಳಿಯೊಳಗೆ ಒಮ್ಮೆ ಕೈಯಾಡಿಸಿ ನೋಡಿ. ಗುಂಡಿನ ತಳ ಉಬ್ಬು, ಕಲ್ಲಿನ ಕುಳಿ ತಗ್ಗು. ಒಂದಕ್ಕೊಂದು ಹೇಳಿ ಮಾಡಿಸಿದಂತೆ ಕೂರುತ್ತವೆ. ಇದು ಕಲ್ಲುಕುಟಿಗನ ಉಳಿಯೊಂದರಿಂದಲೇ ಆದದ್ದಲ್ಲ. ವರ್ಷಗಟ್ಟಲೆ ನಡೆದ ತಿಕ್ಕಾಟದ ಪಾಲೂ ಇದೆ.

ಮಸೂರ ಹುಟ್ಟುವುದೂ ಹೆಚ್ಚುಕಡಿಮೆ ಹೀಗೆಯೇ. ಗಾಜಿನ ಬಿಲ್ಲೆಗೂ ಲೋಹದ ಅಚ್ಚಿಗೂ ನಡುವೆ ಗಡುಸು ಪುಡಿ ಮತ್ತು ನೀರು ಹಾಕಿ ಉಜ್ಜುತ್ತಾರೆ. ಕಡೆಯುವ ಕಲ್ಲಿನ ಗುಂಡು ಬರೀ ಸುತ್ತುತ್ತದೆ. ಇಲ್ಲಿ ಅಚ್ಚನ್ನು ಸುತ್ತಿಸುವುದರ ಜೊತೆಗೆ ಎಲ್ಲ ದಿಕ್ಕಿಗೂ ಸರಿಸುತ್ತಾರೆ. ಹೇಗೆ ಸರಿಸಿದರೂ ಪರಸ್ಪರ ಬಿಡದೆ ತಾಗಿಕೊಂಡಿರಬಲ್ಲ ಬಾಗಿದ ಆಕಾರ ಒಂದೇ: ಗೋಳದ ತುಣುಕು. ಹಾಗಾಗಿ ಉಜ್ಜಿದ ಗಾಜು ತಾನಾಗಿಯೇ ಗೋಳೀಯವಾಗುತ್ತದೆ.

ತೊಡಕೆಂದರೆ, ಬೆಳಕಿಗೆ ಬೇಕಾದ ಆಕಾರ ಗೋಳವಲ್ಲ. ಗೋಳೀಯ ಪೀನ ಮಸೂರದ ಅಂಚಿನಿಂದ ಬಂದ ಕಿರಣಗಳು ನಡುವಿನ ಕಿರಣಗಳಿಗಿಂತ ಹತ್ತಿರದಲ್ಲೇ ಕೂಡುತ್ತವೆ. ಎಲ್ಲವೂ ಒಂದೇ ನಾಭಿಗೆ ಬರುವ ಚಿತ್ರ ಪಠ್ಯಪುಸ್ತಕದಲ್ಲಿ ಮಾತ್ರ! ಫ್ರಾನ್ಸಿನ ದೆಕಾರ್ತ್ 1637ರಷ್ಟು ಹಿಂದೆಯೇ ಸರಿಯಾದ ಆಕಾರಗಳನ್ನು ಪ್ರಕಟಿಸಿದ್ದ. ಆದರೆ ಅಂಥ ಗಾಜನ್ನು ಉಜ್ಜುವುದು ಆಗಿನ ಕುಶಲಕರ್ಮಿಗಳ ಕೈಗೆ ದಕ್ಕಲಿಲ್ಲ.

ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ವಕ್ರತಾ ತ್ರಿಜ್ಯ 51.37 ಮಿ.ಮೀ. ಎಂದು ಲೆಕ್ಕ ಮಾಡಿದರೆ ಪೂರ್ತಿ ಅಂಕ. ಕಾರ್ಖಾನೆಯಲ್ಲಿ ಅಷ್ಟು ಸಾಲದು. ಅಲ್ಲಿ ಮಸೂರದ ಬಾಗನ್ನು ಅಳೆಯಲು ಮೊದಲೇ ಮಾಡಿಟ್ಟ ಪರೀಕ್ಷಾ ಗಾಜುಗಳಿರುತ್ತವೆ. ಮಸೂರದ ಮೇಲಿಟ್ಟಾಗ ಕಾಣುವ ನ್ಯೂಟನ್ ಉಂಗುರಗಳನ್ನು ನೋಡಿ ತಪ್ಪೆಷ್ಟೆಂದು ಹೇಳುತ್ತಾರೆ. (ಪಾಠದ ಉಂಗುರಗಳು ಇಲ್ಲಿ ಅನ್ನ ಕೊಡುತ್ತವೆ.) ಅವರ ಕಪಾಟಿನಲ್ಲಿರುವುದು 51.5ರ ಗಾಜು ಎಂದಿಟ್ಟುಕೊಳ್ಳಿ. ಜಾಣ ವಿನ್ಯಾಸಕ ಹೊಸ ಗಾಜಿನ ಖರ್ಚು ಹೇರದೆ ಆ ತ್ರಿಜ್ಯವನ್ನೇ ಒಪ್ಪಿ, ಉಳಿದ ಮಸೂರಗಳ ಅಂತರ ಬದಲಿಸಿ ಲೆಕ್ಕ ಸರಿದೂಗಿಸುತ್ತಾನೆ. ಎರಡು ಬದಿಯ ತ್ರಿಜ್ಯಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಅವನ್ನು ಪೂರ್ತಿ ಸಮ ಮಾಡಿಬಿಡುತ್ತಾನೆ. ಆಗ ಜೋಡಿಸುವವರು ತಿರುಗುಮುರುಗಾಗಿ ಕೂರಿಸಿದರೂ ಕೆಡುಕಿಲ್ಲ.

ಗೋಳವಲ್ಲದ ಆಕಾರವೇ ಬೇಕಾದರೆ? ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಆವರಣವಿದೆ. ಮೂವತ್ತು ಮೀಟರ್ ದೂರದರ್ಶಕ ಎಂಬ ಅಂತರರಾಷ್ಟ್ರೀಯ ಯೋಜನೆಗಾಗಿ ಅಲ್ಲಿ 2020ರಲ್ಲಿ ಕನ್ನಡಿ ಉಜ್ಜುವ ಕೇಂದ್ರ ಉದ್ಘಾಟನೆಯಾಯಿತು. ಮಸೂರವಲ್ಲ, ಕನ್ನಡಿ, ಉಜ್ಜುವ ಕಷ್ಟ ಮಾತ್ರ ಅದೇ. ದೂರದರ್ಶಕದ ಮುಖ್ಯ ಕನ್ನಡಿಗೆ 492 ಷಟ್ಕೋನ ತುಂಡುಗಳು, ಅವುಗಳಲ್ಲಿ 82 ಬಗೆಯ ಆಕಾರಗಳು. ಒಂದೂ ಗೋಳೀಯವಲ್ಲ.

ಇಲ್ಲಿನ ಉಪಾಯ ಸೊಗಸಾಗಿದೆ. ಗಾಜಿನ ಬಿಲ್ಲೆಯ ಅಂಚಿಗೆ ಲೆಕ್ಕ ಹಾಕಿದ ಬಲ ಕೊಟ್ಟು ತುಸುವೇ ಬಗ್ಗಿಸುತ್ತಾರೆ. ಬಗ್ಗಿದ ಸ್ಥಿತಿಯಲ್ಲಿ ಗೋಳೀಯವಾಗಿಯೇ ಉಜ್ಜುತ್ತಾರೆ, ಗಾಜಿಗೆ ಸುಲಭವಾದದ್ದು ಅದು ತಾನೆ? ಬಲ ತೆಗೆದಾಗ ಗಾಜು ಬಗ್ಗಿಸಿದ ಬೆತ್ತದಂತೆ ಹಿಂದಕ್ಕೆ ಚಿಮ್ಮಿ, ಬೇಕಾದ ಆಕಾರಕ್ಕೆ ಬರುತ್ತದೆ.

ಹವಾಯಿ ದ್ವೀಪದ ಕೆಕ್ ದೂರದರ್ಶಕದ 36 ತುಂಡುಗಳು ಈ ದಾರಿಯಲ್ಲೇ ತಯಾರಾದವು. ಆದರೆ ಉಜ್ಜಿದ ದುಂಡು ಬಿಲ್ಲೆಗಳನ್ನು ಷಟ್ಕೋನವಾಗಿ ಕತ್ತರಿಸಿದಾಗ ಒಳಗಿನ ಬಿಗಿತ ಸಡಿಲವಾಗಿ ಗಾಜು ಸೊಟ್ಟಗಾಯಿತು! ಕನ್ನಡಿಗಳ ಬೆನ್ನಿಗೆ ಲೋಹದ ಪಟ್ಟಿಗಳ ಸಲಕರಣೆ ಕಟ್ಟಿ ಸ್ವಲ್ಪ ತಿದ್ದಿದರು. ಉಳಿದ ಸೊಟ್ಟನ್ನು ಅಯಾನುಗಳ ಕಿರಣ ಹಾಯಿಸಿ, ಗಾಜಿನ ಮೇಲ್ಮೈಯನ್ನು ಪರಮಾಣುಗಳ ಲೆಕ್ಕದಲ್ಲಿ ಕಿತ್ತು ತೆಗೆದರು.